ಬಾಗಿಲ ಪಕ್ಕದ ಬಟ್ಟಲು

ಈ ಮನೆಯವರು ಇಷ್ಟೊಂದು ಒಳ್ಳೆಯವರಾಗಿರಬಾರದಿತ್ತು.

ಗುಬ್ಬಿ ಬಾತ್‌ರೂಮಿನ ಚಿಲಕ ಹಾಕಿಕೊಂಡು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಇದನ್ನೇ ಯೋಚಿಸುತ್ತಿದ್ದಳು. ಸ್ವಲ್ಪ ಕೆಟ್ಟವರಾಗಿದ್ದರೂ ಸಾಕಿತ್ತು. ಊಟಕ್ಕೆ ಕರೆಯುವಾಗ ಮುಖ ಸಿಂಡರಿಸಿದ್ದರೆ, ಬಿಸಿನೀರು ಅಷ್ಟೊಂದು ಸುರಿಯಬೇಡಿ ಎಂದು ಗೊಣಗಿದ್ದರೆ, ಅವಳ ಎದೆಯೊಳಗೆ ಕೂತಿರುವ ಕಲ್ಲು ಇಷ್ಟು ಭಾರವಾಗುತ್ತಿರಲಿಲ್ಲ.

ಎದುರಿನ ಗೂಟದಲ್ಲಿ ಅವಳ ಯಾತ್ರೆಯ ಹಳದಿ ಸ್ಕಾರ್ಫ್ ನೇತಾಡುತ್ತಿತ್ತು. ನಿನ್ನೆ ಧೂಳು, ಬೆವರು, ಜ್ಯೂಸಿನ ಕಲೆ ಎಲ್ಲದರ ಸಮೇತ ಅದನ್ನು ಕುರ್ಚಿಯ ಮೇಲೆ ಬಿಸಾಡಿದ್ದಳು. ಬೆಳಗ್ಗೆ ಎದ್ದು ನೋಡಿದರೆ ಒಗೆದು, ಇಸ್ತ್ರಿ ಮಾಡಿ, ಹೊಸದರ ಹಾಗೆ ತೂಗುಹಾಕಿದ್ದಾರೆ. ಕೇಳಿದವರಾರು? ಯಾರೂ ಇಲ್ಲ.

"ಯಾರೂ ನೋಡಿಲ್ಲ," ಎಂದು ಗುಬ್ಬಿ ತನಗೆ ತಾನೇ ಪಿಸುಗುಟ್ಟಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, "ನಾನು ನೋಡಿದ್ದೀನಲ್ಲ," ಎಂದಳು.

ಬಾಗಿಲು ದಬದಬ ಸದ್ದು ಮಾಡಿತು.

"ಏ ಗುಬ್ಬಿ! ಒಳಗೇನು ಗೂಡು ಕಟ್ತಿದ್ದೀಯೇನೇ? ನಂಗೂ ಸ್ನಾನ ಆಗ್ಬೇಕು!"

ಅದು ಅಕ್ಕ. ದೊಡ್ಡಮ್ಮನ ಮಗಳು, ಕಾಲೇಜು ಓದುವವಳು, ಈ ಯಾತ್ರೆಯಲ್ಲಿ ಅವರ ಗುಂಪಿಗೆ ಲೀಡರ್.

"ಬಂದೆ." ಗುಬ್ಬಿಯ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಬಾಯಿ ಬಿಟ್ಟು ಹೇಳೇ ಮಾರಾಯ್ತಿ! ನೀನು ಹೇಳಿದ್ದು ಕೇಳ್ಸೋಕೆ ಬಾಗಿಲಿಗೆ ಕಿವಿ ಅಂಟಿಸ್ಕೊಂಡು ನಿಂತಿರ್ಲಾ?"

ಲೋಕದ ಮೂಲೆಮೂಲೆಯ ಕಥೋಲಿಕ ಯುವಕ ಯುವತಿಯರು ಒಂದೇ ಊರಿಗೆ ಬಂದು ಸೇರುವ ಯಾತ್ರೆ ಅದು. ವಾರವೆಲ್ಲ ಹಾಡು, ಪ್ರಾರ್ಥನೆ, ಬಿಸಿಲಲ್ಲಿ ಓಡಾಟ. ಶನಿವಾರ ಎಲ್ಲರೂ ಬೆನ್ನಿಗೆ ಚೀಲ ಏರಿಸಿಕೊಂಡು ಊರಾಚೆಯ ದೊಡ್ಡ ಮೈದಾನಕ್ಕೆ ನಡೆದುಹೋಗುವುದು. ಭಾನುವಾರ ಅಲ್ಲೇ ಲಕ್ಷಗಟ್ಟಲೆ ಜನರ ನಡುವೆ ಬಲಿಪೂಜೆ, ಅಂದರೆ ಮಾಸ್.

ಗುಬ್ಬಿಯ ಧರ್ಮಕೇಂದ್ರದಿಂದ, ಅಂದರೆ ಅವಳೂರಿನ ಚರ್ಚಿನಿಂದ, ಹನ್ನೆರಡು ಜನ ಬಂದಿದ್ದರು, ಜತೆಗೆ ಫಾದರ್. ಎಲ್ಲರಿಗಿಂತ ಚಿಕ್ಕವಳು ಒಂಬತ್ತನೇ ಕ್ಲಾಸಿನ ಗುಬ್ಬಿ. ಫಾದರ್ ಹೋದಲ್ಲೆಲ್ಲ ತಲೆ ಎಣಿಸಿ, "ಹನ್ನೊಂದೇ ಇದ್ದೀರಲ್ರೋ!" ಎಂದು ಗಾಬರಿಯಾಗುತ್ತಿದ್ದರು. ಆಗ ಯಾರದೋ ಬೆನ್ನ ಹಿಂದಿನಿಂದ ಒಂದು ಪುಟ್ಟ ಕೈ ಮೇಲೇಳುತ್ತಿತ್ತು. ಅದು ಗುಬ್ಬಿಯದು.

ಯಾತ್ರಿಕರಿಗೆ ಊರಿನ ಜನ ತಮ್ಮ ಮನೆಗಳಲ್ಲೇ ಜಾಗ ಕೊಟ್ಟಿದ್ದರು. ಅಕ್ಕನಿಗೂ ಗುಬ್ಬಿಗೂ ಸಿಕ್ಕಿದ್ದು ಮೂರನೇ ಮಹಡಿಯ ಪುಟ್ಟ ಮನೆ. ಲಿಫ್ಟ್ ಇಲ್ಲ. ಮೆಟ್ಟಿಲು ಐವತ್ತೆಂಟು.

ಆ ಮನೆಯ ಆಂಟಿ ಸಿಟಿ ಬಸ್ಸಿನ ಡ್ರೈವರ್. ಮೊದಲ ದಿನವೇ ತಮ್ಮ ಮಂಚ ಇವರಿಗೆ ಬಿಟ್ಟುಕೊಟ್ಟು ತಾವು ಸೋಫಾಕ್ಕೆ ಹೋದರು. ಸೋಫಾ ಗಿಡ್ಡ, ಆಂಟಿ ಉದ್ದ. ಬೆಳಗ್ಗೆ ಎದ್ದು ಬಂದರೆ ಮೊದಲು ಕಾಣುತ್ತಿದ್ದದ್ದು ಸೋಫಾದ ಆಚೆಗೆ ಚಾಚಿಕೊಂಡ ಅವರ ಎರಡು ಪಾದ.

ಆಂಟಿಯ ಅಪ್ಪ ಟೈಲ್ಸ್ ಅಜ್ಜ. ಆಯುಷ್ಯವೆಲ್ಲ ಮನೆಮನೆಗೆ ಟೈಲ್ಸ್ ಕೂರಿಸಿ ಕೂರಿಸಿ ಅವರ ಮಂಡಿ ಸವೆದುಹೋಗಿತ್ತು. ಆದರೂ ಗುಬ್ಬಿಯ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದ ದಿನ ಅಜ್ಜ ನೆಲದ ಮೇಲೆ ಕೂತು ಹತ್ತಿ, ಪ್ಲಾಸ್ಟರ್ ಹಾಕಿದರು. ಕೂರುವಾಗ ಒಂದು ಸಲ, ಏಳುವಾಗ ಎರಡು ಸಲ ಉಸ್ಸೆಂದರು. ಆ ಉಸ್ಸಿಗೆ ಯಾವ ಭಾಷೆಯೂ ಬೇಕಿರಲಿಲ್ಲ.

ಇನ್ನು ಆಂಟಿಯ ಮಗಳು. ಆರು ವರ್ಷ. ಅವಳ ಹೆಸರು ಹೇಳಲು ಹೋದರೆ ಇವರ ನಾಲಗೆ ಗಂಟು ಬೀಳುತ್ತಿತ್ತು. ಅವಳೋ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಅಕ್ಕ ಅವಳಿಗೆ ಚಿನಕುರುಳಿ ಎಂದು ಹೆಸರಿಟ್ಟಳು. ಹುಡುಗಿಗೆ ಅದು ಎಷ್ಟು ಇಷ್ಟವಾಯಿತೆಂದರೆ, ಮೂರೂ ಮಹಡಿಯ ಬಾಗಿಲು ತಟ್ಟಿ ಇನ್ನು ಮೇಲೆ ತನ್ನನ್ನು ಹಾಗೇ ಕರೆಯಬೇಕೆಂದು ಹೇಳಿಬಂದಳು.

ಆಂಟಿಗೆ ಬರುತ್ತಿದ್ದ ಇಂಗ್ಲಿಷು ಮೂರೇ ಪದ: ಈಟ್, ಸ್ಲೀಪ್, ಗುಡ್. ಉಳಿದದ್ದಕ್ಕೆಲ್ಲ ಕೈಸನ್ನೆ. ಅದೂ ಸಾಲದಿದ್ದರೆ ಅಕ್ಕನ ಫೋನಿನಲ್ಲಿ ಟ್ರಾನ್ಸ್‌ಲೇಷನ್ ಆ್ಯಪ್ ಇತ್ತು. ಗುಬ್ಬಿ ಅವರ ಭಾಷೆಯಲ್ಲಿ ಕಲಿತದ್ದು ಒಂದೇ ಒಂದು ಪದ, ಥ್ಯಾಂಕ್ಸ್ ಅನ್ನುವುದಕ್ಕೆ ಅವರು ಹೇಳುವ ಪದ. ದಿನಕ್ಕೆ ನಲವತ್ತು ಸಲ ಹೇಳುತ್ತಿದ್ದಳು. ಹೇಳಿದಾಗೆಲ್ಲ ಆಂಟಿ, "ಈಟ್, ಈಟ್," ಎನ್ನುತ್ತಿದ್ದರು.

ಎಡವಟ್ಟು ಆದದ್ದು ನಿನ್ನೆ, ಗುರುವಾರ ಬೆಳಗ್ಗೆ.

ಆ ಮನೆಯ ಹೊರಬಾಗಿಲ ಪಕ್ಕ ಗೋಡೆಯಲ್ಲಿ ಒಂದು ಮೊಳೆ. ಮೊಳೆಗೆ ಪವಿತ್ರ ಜಲದ ಪುಟ್ಟ ಪಿಂಗಾಣಿ ಬಟ್ಟಲು. ಹೊರಗೆ ಹೊರಡುವವರು ಅದರಲ್ಲಿ ಬೆರಳದ್ದಿ, ಶಿಲುಬೆ ಗುರುತು ಮಾಡಿಕೊಂಡು ಹೊರಡಬೇಕು. ಗುಬ್ಬಿಯ ಮನೆಯಲ್ಲೂ ಅಂಥದ್ದೊಂದಿದೆ, ಪ್ಲಾಸ್ಟಿಕ್ಕಿನದು. ಇದು ಹಾಗಲ್ಲ. ಅಜ್ಜ ಕೆಲಸ ಬಿಟ್ಟ ದಿನ ಅವರ ಜತೆ ದುಡಿದವರೆಲ್ಲ ಸೇರಿ ಮಾಡಿಸಿಕೊಟ್ಟದ್ದು. ಬಿಳಿ ಮೈ, ಅಂಚಿನ ಸುತ್ತ ನೀಲಿ ಹಕ್ಕಿಗಳು.

ನಿನ್ನೆ ಕೆಳಗೆ ಯಾತ್ರೆಯ ಬಸ್ಸು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು. ಆಂಟಿ ಡ್ಯೂಟಿಗೆ, ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಬ್ರೆಡ್ ತರಲು ಹೋಗಿದ್ದರು. ಅಕ್ಕ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಗುಬ್ಬಿಯೂ ನಾಲ್ಕು ಮೆಟ್ಟಿಲು ಇಳಿದಿದ್ದಳು. ಅಷ್ಟರಲ್ಲಿ ಬೆರಳದ್ದಿಲ್ಲ ಎಂದು ನೆನಪಾಯಿತು. ಬೆರಳದ್ದದೆ ಹೊರಡುವುದುಂಟೆ? ಹಿಂದಕ್ಕೆ ಓಡಿಬಂದಳು. ನೀರಿಗೆ ಬೆರಳದ್ದಿದಳು. ಹಣೆ, ಎದೆ, ಎಡ ಭುಜ, ಬಲ ಭುಜ ಮುಟ್ಟಿ, ಸರಿಯಾಗಿ ಕಣ್ಣು ಮುಚ್ಚಿ ಶಿಲುಬೆ ಗುರುತು ಮಾಡಿಕೊಂಡಳು. ಗಿರಕ್ಕನೆ ತಿರುಗಿದಳು.

ಬೆನ್ನ ಮೇಲಿನ ಚೀಲಕ್ಕೆ ಅಡ್ಡಲಾಗಿ ಬಯಲಲ್ಲಿ ಕೂರಲು ದಿನವೂ ಒಯ್ಯುತ್ತಿದ್ದ ಚಾಪೆಯ ಸುರುಳಿ ಕಟ್ಟಿತ್ತು. ಅದರ ತುದಿ ಬಟ್ಟಲಿಗೆ ತಗುಲಿತು.

ಟಣ್!

ಎರಡು ಹೋಳು. ನೆಲದ ಮೇಲೆ ಒಂದು ಅಂಗೈ ನೀರು. ಭಕ್ತಿ ಒಂಚೂರು ಕಮ್ಮಿ ಇದ್ದಿದ್ದರೆ ಬಟ್ಟಲು ಉಳಿದುಕೊಳ್ಳುತ್ತಿತ್ತು.

"ಗುಬ್ಬೀ! ಬಸ್ಸು ಹೋಗುತ್ತೆ ಕಣೇ!" ಕೆಳಗಿನಿಂದ ಅಕ್ಕ ಕೂಗಿದಳು.

ಗುಬ್ಬಿ ಹೋಳುಗಳನ್ನು ಎತ್ತಿ, ಅಲ್ಲೇ ಇದ್ದ ಸ್ಟೂಲಿನ ಕೆಳಗೆ ತಳ್ಳಿದಳು. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಕೈ ತಾನಾಗೇ ಹಾಗೆ ಮಾಡಿಬಿಟ್ಟಿತು. ಸಂಜೆ ಬಂದು ಹೇಳಿದರಾಯಿತು ಅಂದುಕೊಂಡು ಮೆಟ್ಟಿಲಿಳಿದಳು.

ಆದರೆ ಆ ಸ್ಟೂಲು ಚಿನಕುರುಳಿಯದು. ದಿನವೂ ಅದರ ಮೇಲೆ ಹತ್ತಿ, ಬಟ್ಟಲಿನ ನೀರು ತೆಗೆದು, ಬೆಕ್ಕಿನ ತಲೆಗೆ ಸುರಿದು ಜ್ಞಾನಸ್ನಾನ ಮಾಡಿಸುವುದು ಅವಳ ಕೆಲಸ. ಬೆಕ್ಕಿಗೆ ಆಗಲೇ ನಾಲ್ಕೈದು ಸಲ ಜ್ಞಾನಸ್ನಾನ ಆಗಿತ್ತು. ದಿನವೂ ಬೈಸಿಕೊಳ್ಳುತ್ತಿದ್ದಳು, ದಿನವೂ ಹತ್ತುತ್ತಿದ್ದಳು.

ಸಂಜೆ ಇವರು ಮನೆಗೆ ಬಂದಾಗ ಎರಡು ಹೋಳೂ ಊಟದ ಮೇಜಿನ ಮೇಲಿದ್ದವು. ಆಂಟಿ ಕುರ್ಚಿಯಲ್ಲಿ ಕೂತಿದ್ದರು. ಚಿನಕುರುಳಿ ಅವರೆದುರು ಕೈ ಕಟ್ಟಿ ನಿಂತಿದ್ದಳು.

ಆಂಟಿ ಏನೋ ಕೇಳಿದರು. ಚಿನಕುರುಳಿ ಅಮ್ಮನ ಕಣ್ಣನ್ನೇ ನೋಡುತ್ತ ತಲೆಯಾಡಿಸಿದಳು. ಇಲ್ಲ. ಆಂಟಿ ಮತ್ತೆ ಕೇಳಿದರು. ಇಲ್ಲ. ಮೂರನೇ ಸಲ ಕೇಳಿದಾಗ ಅವಳ ಕಣ್ಣಿನಿಂದ ನೀರು ಇಳಿಯಿತು, ತಲೆ ಮಾತ್ರ ಇಲ್ಲ ಅನ್ನುವ ಹಾಗೇ ಆಡಿತು.

ಅಕ್ಕ ಫೋನು ಚಾಚಿದಳು. ಆಂಟಿ ಅದರೊಳಕ್ಕೆ ಮಾತಾಡಿದರು. ಅಕ್ಕ ಓದಿ, ಗುಬ್ಬಿಯ ಕಿವಿಯಲ್ಲಿ ಹೇಳಿದಳು. "ಒಡೆದಿದ್ದಕ್ಕೆ ಸಿಟ್ಟಿಲ್ವಂತೆ. ಒಡೆದು, ಬಚ್ಚಿಟ್ಟು, ಈಗ ಸುಳ್ಳು ಬೇರೆ ಹೇಳ್ತಿದ್ದಾಳಲ್ಲ, ಅದಕ್ಕಂತೆ. ನಿಜ ಹೇಳೋವರೆಗೂ ಶನಿವಾರದ ನಡಿಗೆಗೆ ಕರ್ಕೊಂಡು ಹೋಗಲ್ವಂತೆ."

ಶನಿವಾರದ ನಡಿಗೆಗೆ ಊರಿನ ಮನೆಯವರೂ ಯಾತ್ರಿಕರ ಜತೆ ಬರುವುದೆಂದು ಮೊದಲೇ ಮಾತಾಗಿತ್ತು. ಚಿನಕುರುಳಿ ಒಂದು ವಾರದಿಂದ ತನ್ನ ಚೀಲ ತುಂಬಿಸಿಟ್ಟುಕೊಂಡಿದ್ದಳು. ಒಂದು ಗೊಂಬೆ, ಒಂದು ಟಾರ್ಚು, ಬಿಸ್ಕೆಟ್ಟು. ಬಿಸ್ಕೆಟ್ಟು ದಿನಾ ಖಾಲಿಯಾಗುತ್ತಿತ್ತು, ದಿನಾ ತುಂಬುತ್ತಿದ್ದಳು.

ಗುಬ್ಬಿಯ ಬಾಯಿ ತೆರೆಯಿತು. ಮಾತು ಬರಲಿಲ್ಲ. ನಂಗೆ ಇವರ ಭಾಷೆ ಬರಲ್ವಲ್ಲ, ಎಂದು ಮನಸ್ಸು ಹೇಳಿತು. ಅಕ್ಕ ಪಕ್ಕದಲ್ಲೇ ಇದ್ದಳು. ಅಕ್ಕನ ಕೈಯಲ್ಲಿ ಫೋನೂ ಇತ್ತು. ಆದರೂ ಆ ನೆಪ ಚೆನ್ನಾಗಿತ್ತು. ಗುಬ್ಬಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಇವತ್ತು ಶುಕ್ರವಾರ. ತಿಂಡಿಯ ಮೇಜಿನ ಮೇಲೆ ಬ್ರೆಡ್ಡು, ಬೆಣ್ಣೆ, ಮಧ್ಯಾಹ್ನಕ್ಕೆ ಕಟ್ಟಿಕೊಂಡು ಹೋಗಲು ಬೇಯಿಸಿದ ನಾಲ್ಕು ಮೊಟ್ಟೆ. ಆಂಟಿ ಯೂನಿಫಾರಂ ಹಾಕಿಕೊಂಡು ಕಾಯುತ್ತಿದ್ದರು. ಇವರಿಗೆ ತಿಂಡಿ ಕೊಟ್ಟು ಹೋಗಬೇಕೆಂದೇ ಬೆಳಗಿನ ಡ್ಯೂಟಿಯನ್ನು ಇನ್ನೊಬ್ಬರ ಜತೆ ಬದಲಾಯಿಸಿಕೊಂಡಿದ್ದರಂತೆ.

ದಿನವೂ ಆ ಮೊಟ್ಟೆಗಳಿಗೆ ಮೀಸೆ ಇರುತ್ತಿತ್ತು. ಚಿನಕುರುಳಿ ಪೆನ್ಸಿಲಿನಲ್ಲಿ ಕಣ್ಣು, ಮೂಗು, ಮೀಸೆ ಬರೆದು ಕೊಡುತ್ತಿದ್ದಳು. ಒಂದಕ್ಕೆ ಕನ್ನಡಕವೂ ಇದ್ದು, ಅದು ಫಾದರ್ ಎಂದು ಎಲ್ಲರೂ ನಕ್ಕಿದ್ದರು. ಇವತ್ತು ನಾಲ್ಕೂ ಮೊಟ್ಟೆ ಬೋಳು. ಚಿನಕುರುಳಿ ಮೇಜಿನ ಕೆಳಗೆ ಬೆಕ್ಕಿನ ಜತೆ ಕೂತಿದ್ದಳು.

"ಪಾಪ ಕಣೇ," ಎಂದಳು ಅಕ್ಕ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಒಪ್ಕೊಂಡ್ಬಿಟ್ಟಿದ್ರೆ ಅಲ್ಲಿಗೇ ಮುಗೀತಿತ್ತು. ಈ ವಯಸ್ಸಿಗೇ ಎಂಥ ಹಟ ನೋಡು."

"ಹಟ ಅಲ್ಲ," ಎಂದಳು ಗುಬ್ಬಿ ಬ್ರೆಡ್ಡಿಗೆ ಹೇಳುವ ಹಾಗೆ.

"ಏನಂದೆ?"

"ಏನಿಲ್ಲ."

"ಈಟ್," ಎಂದು ಆಂಟಿ ಅವಳ ತಟ್ಟೆಗೆ ಇನ್ನೊಂದು ತುಂಡು ಹಾಕಿದರು. ಗುಬ್ಬಿ ತನಗೆ ಗೊತ್ತಿದ್ದ ಆ ಒಂದು ಪದ ಹೇಳಿದಳು. ಅದು ಬಾಯಲ್ಲಿ ಕಹಿಯಾಯಿತು.

ಶುಕ್ರವಾರ ಪಾಪನಿವೇದನೆಯ ದಿನ, ಮಾಡಿದ ತಪ್ಪುಗಳನ್ನು ಪಾದ್ರಿಗೆ ಹೇಳಿಕೊಳ್ಳುವ ದಿನ. ಊರಿನ ದೊಡ್ಡ ಪಾರ್ಕಿನಲ್ಲಿ, ಮರಗಳ ಕೆಳಗೆ ಮರದ ಗೂಡಂಗಡಿಗಳ ಹಾಗೆ ಸಾಲುಸಾಲು ಪೆಟ್ಟಿಗೆ. ಒಂದೊಂದರಲ್ಲೂ ಒಬ್ಬ ಪಾದ್ರಿ. ಒಂದೊಂದರ ಮೇಲೂ ಅವರಿಗೆ ಬರುವ ಭಾಷೆಗಳ ಬೋರ್ಡು. ಎಲ್ಲ ಕಡೆ ಕ್ಯೂ, ಕ್ಯೂನಲ್ಲಿ ನಿಂತವರ ಗುಸುಗುಸು, ದೂರದಲ್ಲಿ ಯಾರದೋ ಗಿಟಾರು.

"ನಲವತ್ತನೇ ನಂಬರಲ್ಲಿ ನಮ್ಮ ಫಾದರೇ ಕೂತಿದ್ದಾರೆ," ಎಂದಳು ಅಕ್ಕ. "ಹೋಗು, ನಾನು ಇಲ್ಲಿ ಎಲ್ರಿಗೂ ನೀರು ತಂದಿಟ್ಟು ಬರ್ತೀನಿ."

ನಮ್ಮ ಫಾದರ್! ಗುಬ್ಬಿಗೆ ಜ್ಞಾನಸ್ನಾನ ಕೊಟ್ಟವರೇ ಅವರು. ಕೆಮ್ಮಿದರೂ ಅವಳದೇ ಕೆಮ್ಮು ಎಂದು ಗುರುತು ಹಿಡಿಯುವವರು. ಊರಲ್ಲಿ ಅವರ ಹತ್ತಿರ ಅವಳು ಪ್ರತಿ ಸಲವೂ ಅವೇ ಮೂರು ಪಾಪ ಹೇಳುತ್ತಿದ್ದಳು: ಅಮ್ಮನ ಮಾತು ಕೇಳಲಿಲ್ಲ, ತಮ್ಮನ ಜತೆ ಜಗಳ ಆಡಿದೆ, ಪ್ರಾರ್ಥನೆಯಲ್ಲಿ ಆಕಳಿಸಿದೆ. ಪ್ರತಿ ಸಲವೂ ಅವೇ ಮೂರು ನಮೋ ಮರಿಯಾ ಜಪದ ಪ್ರಾಯಶ್ಚಿತ್ತ ಸಿಗುತ್ತಿತ್ತು. ಈಗ ಬಟ್ಟಲಿನ ವಿಷಯ ಹೇಳಿದರೆ ಅವರು ಕೇಳುವ ಮೊದಲ ಮಾತು ಅವಳಿಗೆ ಗೊತ್ತಿತ್ತು. "ಮನೆಯವ್ರಿಗೆ ಹೇಳ್ದೇನಮ್ಮಾ?"

ಅವಳು ನಲವತ್ತನೇ ನಂಬರಿನ ಕಡೆ ನಡೆದಳು. ಮೂವತ್ತನಾಲ್ಕರ ಹತ್ತಿರ ಕಾಲು ನಿಧಾನವಾಯಿತು. ಮೂವತ್ತಾರರ ಮುಂದೆ ಕ್ಯೂ ಇರಲಿಲ್ಲ. ಬೋರ್ಡಿನ ಮೇಲಿನ ಅಕ್ಷರ ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಅದೂ ತಿಳಿಯಲಿಲ್ಲ.

ಗುಬ್ಬಿ ಲೆಕ್ಕ ಹಾಕಿದಳು. ಇವರಿಗೆ ನನ್ನ ಮಾತು ಅರ್ಥವಾಗುವುದಿಲ್ಲ. ದೇವರಿಗೆ ಅರ್ಥವಾಗುತ್ತದೆ. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ಸುತ್ತ ಒಮ್ಮೆ ನೋಡಿ, ಮೂವತ್ತಾರರೊಳಗೆ ನುಗ್ಗಿ ಮೊಣಕಾಲೂರಿದಳು.

ಒಳಗೆ ಒಬ್ಬ ಮುದುಕ ಪಾದ್ರಿ. ದಪ್ಪಗೆ, ಕೆಂಪಗೆ. ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಅವಳನ್ನು ನೋಡಿ ತಮ್ಮ ಭಾಷೆಯಲ್ಲಿ ಏನೋ ಹೇಳಿ ಶಿಲುಬೆ ಗುರುತು ಮಾಡಿದರು.

ಗುಬ್ಬಿ ತನ್ನ ಭಾಷೆಯಲ್ಲಿ ಶುರುಮಾಡಿದಳು.

ಮೊದಲು ಅವೇ ಮೂರು. ಅಮ್ಮ, ತಮ್ಮ, ಆಕಳಿಕೆ. ಆಮೇಲೆ ಬಟ್ಟಲು. ಆಮೇಲೆ ಹೋಳು ತಳ್ಳಿದ್ದು. ನಲ್ಲಿ ತಿರುಗಿಸಿದಂತೆ ಮಾತು ಹರಿಯಲು ಹಿಡಿಯಿತು. ಚಿನಕುರುಳಿ ಮೂರು ಸಲ ಇಲ್ಲ ಅಂದಳು, ಚಿನಕುರುಳಿ ಹೇಳಿದ್ದು ನಿಜ, ನಾನು ಅಲ್ಲೇ ಇದ್ದೆ, ಚಿನಕುರುಳಿ ಇವತ್ತು ಮೊಟ್ಟೆಗೆ ಮೀಸೆ ಬರೀಲಿಲ್ಲ, ಆಂಟಿ ನನ್ನ ಸ್ಕಾರ್ಫಿಗೆ ಇಸ್ತ್ರಿ ಹಾಕಿದ್ದಾರೆ. ಅರ್ಥವಾಗದವರ ಮುಂದೆ ಮಾತಾಡುವುದು ಎಷ್ಟು ಸುಲಭ! ತಾನು ಇಷ್ಟು ಮಾತಾಡಬಲ್ಲೆ ಎಂದು ಗುಬ್ಬಿಗೇ ಗೊತ್ತಿರಲಿಲ್ಲ. ಕೊನೆಗೆ ಮೂಗು ಸೊರಗುಟ್ಟಿತು. ಅಂಗೈಯಲ್ಲಿ ಕಣ್ಣು ಒರೆಸಿಕೊಂಡಳು.

ಪಾದ್ರಿ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಹುಡುಕಿ ಹುಡುಕಿ ಮಾತಾಡಿದರು. ಅವರ ಇಂಗ್ಲಿಷೂ ಗುಬ್ಬಿಯ ಇಂಗ್ಲಿಷಿನಷ್ಟೇ ಕುಂಟುತ್ತಿತ್ತು. ಹಾಗಾಗಿ ಎಲ್ಲ ಅರ್ಥವಾಯಿತು.

"ನಂಗೆ ಏನೂ ತಿಳೀಲಿಲ್ಲ ಮಗಳೇ. ದೇವರಿಗೆ ತಿಳೀತು. ನೀನು ಅಳ್ತಿದ್ದೀಯ, ಅದು ನಂಗೆ ಕಾಣ್ತು. ಅಷ್ಟು ಸಾಕು."

ಗುಬ್ಬಿ ತಲೆಯಾಡಿಸಿದಳು. ಲೆಕ್ಕ ಸರಿಹೋಯಿತು.

"ಆದ್ರೆ," ಎಂದು ಅವರು ಬೆರಳೆತ್ತಿದರು, "ಪ್ರಾಯಶ್ಚಿತ್ತ ಕೊಡ್ಬೇಕಲ್ಲ? ಪಾಪ ಏನೂಂತ ಗೊತ್ತಿಲ್ದೆ ಹೇಗೆ ಕೊಡ್ಲಿ? ಚಿಕ್ಕದಕ್ಕೆ ದೊಡ್ಡದು ಕೊಟ್ಟುಬಿಟ್ರೆ? ದೊಡ್ಡದಕ್ಕೆ ಚಿಕ್ಕದು ಕೊಟ್ಟುಬಿಟ್ರೆ?" ಅವರು ಭುಜ ಕುಣಿಸಿದರು. "ಅದಕ್ಕೇ, ನೀನೇ ಆರಿಸ್ಕೊ. ಏನು ಮಾಡ್ಬೇಕೂಂತ ನಿಂಗೆ ಗೊತ್ತು."

"ನಾನಾ?"

"ನೀನೇ. ಮೋಸ ಮಾಡ್ಬೇಡ, ಆಯ್ತಾ?" ಮುದುಕರ ಹೊಟ್ಟೆ ನಗುವಿನಲ್ಲಿ ಕುಲುಕಿತು. ಅವಳ ತಲೆಯ ಮೇಲೆ ಕೈ ಚಾಚಿ ತಮ್ಮ ಭಾಷೆಯಲ್ಲಿ ಪಾಪಕ್ಷಮೆಯ ಪ್ರಾರ್ಥನೆ ಹೇಳಿದರು. ಆ ದನಿಯ ಏರಿಳಿತ ಮಾತ್ರ ಅವಳೂರಿನ ಫಾದರಿನದರ ಹಾಗೇ ಇತ್ತು.

ಹೊರಗೆ ಬಂದು ಗುಬ್ಬಿ ಹುಲ್ಲಿನ ಮೇಲೆ ಕೂತಳು. ಹತ್ತು ನಮೋ ಮರಿಯಾ? ಸುಲಭ. ಇಡೀ ಜಪಸರ? ಬಸ್ಸಲ್ಲೇ ಮುಗಿದುಹೋಗುತ್ತದೆ. ಎರಡು ದಿನ ಐಸ್‌ಕ್ರೀಮ್ ಬಿಡುವುದು? ತನ್ನ ಟೋಪಿಯನ್ನು ಚಿನಕುರುಳಿಗೆ ಕೊಟ್ಟುಬಿಡುವುದು? ಅದು ಪ್ರಾಯಶ್ಚಿತ್ತವಲ್ಲ, ಲಂಚ. ಒಂದೊಂದನ್ನೂ ಎತ್ತಿ ನೋಡಿದಳು, ಒಂದೊಂದನ್ನೂ ಇಟ್ಟಳು. ಎತ್ತದೆ ಬಿಟ್ಟದ್ದು ಒಂದೇ ಉಳಿದಿತ್ತು.

"ಆಯ್ತಾ?" ಅಕ್ಕ ನೀರಿನ ಬಾಟಲಿ ಹಿಡಿದು ಬಂದಳು. "ಎಷ್ಟು ಕೊಟ್ರು?"

"ನಾನೇ ಆರಿಸ್ಕೋಬೇಕಂತೆ."

"ಆಹಾ, ಎಂಥ ಚಾನ್ಸು! ಒಂದು ನಮೋ ಮರಿಯಾ ಹೇಳಿ ಕೈ ತೊಳ್ಕೊ. ನಂಗಂತೂ ಹದಿನೈದು ಕೊಡ್ತಾರೆ, ಗ್ಯಾರಂಟಿ." ಅಕ್ಕ ನಕ್ಕಳು. ಗುಬ್ಬಿ ನಗಲಿಲ್ಲ.

ಸಂಜೆ ಮನೆಗೆ ಹೋಗಲು ಸ್ಟಾಪಿನಲ್ಲಿ ನಿಂತಿದ್ದಾಗ ಬಂದದ್ದು ಡ್ರೈವರ್ ಆಂಟಿಯ ಬಸ್ಸೇ. ಹಳದಿ ಸ್ಕಾರ್ಫುಗಳನ್ನು ಕಂಡು ಆಂಟಿ ಕೈಬೀಸಿದರು. ಇವರು ಹತ್ತಿದ ಮೇಲೆ ಮೈಕು ಹಿಡಿದು ಏನೋ ಹೇಳಿದರು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ಇವರನ್ನು ನೋಡಿ ಚಪ್ಪಾಳೆ ತಟ್ಟಿದರು. ಒಬ್ಬ ಅಜ್ಜಿ ಎದ್ದು ಗುಬ್ಬಿಗೆ ಸೀಟು ಕೊಡಲು ಬಂದರು.

"ಏನು ಹೇಳಿದ್ರಂತೆ?" ಎಂದಳು ಗುಬ್ಬಿ ಸಂಕೋಚದಿಂದ ಕುಗ್ಗುತ್ತ.

ಅಕ್ಕ ಫೋನು ನೋಡಿದಳು. "ನಮ್ಮ ಮನೆಯ ಹೆಣ್ಣುಮಕ್ಕಳು ಹತ್ತಿದ್ದಾರೆ, ಅಂದ್ರಂತೆ."

ಗುಬ್ಬಿ ಡ್ರೈವರ್ ಸೀಟಿನ ಹಿಂದೆಯೇ ನಿಂತಳು. ಈಗ ಹೇಳಬಹುದು. ಈಗಲೇ. ಎದುರಿಗೆ ಒಂದು ಬೋರ್ಡು ಇತ್ತು: ಒಂದು ಬಾಯಿ, ಅದರ ಮೇಲೆ ಅಡ್ಡಗೆರೆ. ಬಸ್ಸು ಓಡುವಾಗ ಡ್ರೈವರ್ ಜತೆ ಮಾತಾಡಬಾರದು. ಆ ಬೋರ್ಡು ಬರೆದವರಿಗೆ ಪುಣ್ಯ ಬರಲಿ ಅಂದುಕೊಂಡಳು. ಮರುಕ್ಷಣ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಬಸ್ಸು ನಿಂತಾಗ ಹೇಳುತ್ತೇನೆ. ಇಲ್ಲ, ಆಂಟಿ ಡಿಪೋಗೆ ಬಸ್ಸು ಬಿಟ್ಟು ಮನೆಗೆ ಬಂದ ಕೂಡಲೇ ಹೇಳುತ್ತೇನೆ. ಬಂದ ಕೂಡಲೇ.

ಆಂಟಿ ಬಂದರು. ಷೂ ಬಿಚ್ಚಿ, ಬ್ಯಾಗು ಕೆಳಗಿಟ್ಟರು. ಅಜ್ಜ ಕಿಟಕಿಯ ಹತ್ತಿರ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹೋಳುಗಳಿಗೆ ಟೈಲ್ಸಿನ ಗೋಂದು ಸವರುತ್ತಿದ್ದರು. ಗುಬ್ಬಿ ಕುರ್ಚಿಯಿಂದ ಎದ್ದಳು.

ಅವಳಿಗಿಂತ ಮೊದಲೇ ಚಿನಕುರುಳಿ ಮೇಜಿನ ಕೆಳಗಿನಿಂದ ಹೊರಬಂದಳು. ಅಮ್ಮನ ಮುಂದೆ ನಿಂತಳು. ನೆಲ ನೋಡುತ್ತ ಒಂದೇ ಉಸಿರಿಗೆ ಏನೋ ಹೇಳಿದಳು.

ಆಂಟಿಯ ಮುಖ ಅರಳಿತು. ಅಲ್ಲೇ ನೆಲದ ಮೇಲೆ ಕೂತು ಮಗಳನ್ನು ಎಳೆದು ಅಪ್ಪಿಕೊಂಡರು. ಗಟ್ಟಿಯಾಗಿ, ಎರಡೂ ಕೈಯಲ್ಲಿ. ಅಜ್ಜ ಕಿಟಕಿಯ ಹತ್ತಿರದಿಂದ ಗೋಂದಿನ ಬೆರಳೆತ್ತಿ, "ಗುಡ್!" ಎಂದರು.

ಅಕ್ಕ ಫೋನು ಚಾಚಿ ಕೇಳಿಸಿಕೊಂಡಳು. "ಅಬ್ಬ! ಒಪ್ಕೊಂಡ್ಳು ಕಣೇ. ತಾನೇ ಒಡೆದೆ ಅಂದ್ಳಂತೆ. ನಾಳೆ ಬರ್ತಾಳಂತೆ ನಮ್ಜತೆ!"

ಆಂಟಿ ಎದ್ದು ಡ್ರಾಯರಿನಿಂದ ಹೊಸ ಹಳದಿ ಸ್ಕಾರ್ಫೊಂದನ್ನು ತೆಗೆದು ಮಗಳ ಕೊರಳಿಗೆ ಕಟ್ಟಿದರು.

ಗುಬ್ಬಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮುಗಿಯಿತು. ಅವಳು ಬಾಯಿ ತೆರೆಯದೆಯೇ ಎಲ್ಲ ಸರಿಹೋಯಿತು. ಆಂಟಿಗೆ ಖುಷಿ, ಅಜ್ಜನಿಗೆ ಖುಷಿ, ಬಟ್ಟಲು ಅಂಟುತ್ತಿದೆ, ನಾಳೆ ಎಲ್ಲರೂ ನಡೆದುಹೋಗುತ್ತಾರೆ. ಈಗ ಹೇಳಿದರೆ ಇಷ್ಟು ಚೆನ್ನಾಗಿರುವ ಸಂಜೆ ಕೆಡುತ್ತದೆ.

ಅವಳು ಚಿನಕುರುಳಿಯನ್ನು ನೋಡಿದಳು.

ಚಿನಕುರುಳಿ ಕುಣಿಯಲಿಲ್ಲ. ಚೀಲ ತರಲು ಓಡಲಿಲ್ಲ. ಸ್ಕಾರ್ಫಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ನಿನ್ನೆ ಮೂರು ಸಲ ಇಲ್ಲ ಅನ್ನುವಾಗ ಅಮ್ಮನ ಕಣ್ಣನ್ನೇ ನೋಡಿದ್ದಳು. ಇವತ್ತು ಅವಳ ಕಣ್ಣು ಬೆಕ್ಕಿನ ಮೇಲೂ ನಿಲ್ಲುತ್ತಿರಲಿಲ್ಲ.

ಗುಬ್ಬಿಗೆ ಗೊತ್ತಾಯಿತು. ತಾನು ನುಂಗಿಕೊಂಡದ್ದು ಈ ಪುಟ್ಟ ಬಾಯಿಂದ ಸುಳ್ಳಾಗಿ ಹೊರಬಂದಿದೆ.

ಐದು ದಿನದಿಂದ ಅವಳು ಈ ಮನೆಯವರು ಕೊಟ್ಟದ್ದನ್ನೆಲ್ಲ ತೆಗೆದುಕೊಂಡಿದ್ದಳು. ಮಂಚ, ಬ್ರೆಡ್ಡು, ಹಿಮ್ಮಡಿಗೆ ಹತ್ತಿ, ಬಸ್ಸಿನಲ್ಲಿ ಚಪ್ಪಾಳೆ. ಬದಲಿಗೆ ಕೊಟ್ಟದ್ದು ಒಂದು ಪದ, ನಲವತ್ತು ಸಲ. ಅವರಿಗೆ ಬೇಕಾದದ್ದು ಒಂದೇ ಒಂದು ಅವಳ ಹತ್ತಿರ ಇತ್ತು. ಅದು ಈ ಮನೆಯಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ.

ಅವಳು ಕೋಣೆಗೆ ಹೋದಳು. ಚಾಪೆಯ ಸುರುಳಿ ಕಟ್ಟಿದ್ದ ಚೀಲವನ್ನು ಬೆನ್ನಿಗೆ ಏರಿಸಿಕೊಂಡು ಹೊರಬಂದಳು.

"ಎಲ್ಲಿಗೇ ಹೊರಟೆ? ನಾಳೆ ಅಲ್ವಾ ನಡಿಗೆ?" ಎಂದಳು ಅಕ್ಕ.

ಗುಬ್ಬಿ ಹೊರಬಾಗಿಲ ಹತ್ತಿರ ಹೋದಳು. ಬರೀ ಮೊಳೆ ಇತ್ತು. ಎಲ್ಲರೂ ತನ್ನನ್ನೇ ನೋಡುವವರೆಗೆ ಕಾದಳು. ಮೊಳೆಯ ಕೆಳಗೆ, ಇಲ್ಲದ ಬಟ್ಟಲಿಗೆ ಬೆರಳದ್ದಿದಳು. ಹಣೆ, ಎದೆ, ಎಡ ಭುಜ, ಬಲ ಭುಜ. ಗಿರಕ್ಕನೆ ತಿರುಗಿದಳು. ಚಾಪೆಯ ತುದಿ ಮೊಳೆಯನ್ನು ಸವರಿಕೊಂಡು ಹೋಯಿತು. ಗುಬ್ಬಿ ಕೈಯಲ್ಲಿ ಮೇಲಿನಿಂದ ಕೆಳಗೆ ಬೀಳುವುದನ್ನು ತೋರಿಸಿದಳು. ಬಗ್ಗಿದಳು. ಇಲ್ಲದ ಎರಡು ಹೋಳನ್ನು ಎತ್ತಿ ಸ್ಟೂಲಿನ ಕೆಳಗೆ ತಳ್ಳಿದಳು.

ಅಜ್ಜನ ಗೋಂದಿನ ಬೆರಳು ಗಾಳಿಯಲ್ಲೇ ನಿಂತಿತ್ತು. ಚಿನಕುರುಳಿ ಸ್ಕಾರ್ಫಿನ ತುದಿ ಬಿಟ್ಟು ತಲೆಯೆತ್ತಿದಳು.

ಅಕ್ಕ ತೆರೆದ ಬಾಯಿ ಮುಚ್ಚದೆ ಫೋನು ಮುಂದೆ ಚಾಚಿದಳು. "ಗುಬ್ಬಿ... ಇದ್ರಲ್ಲಿ ಹೇಳು. ಮೆಲ್ಲಗೆ ಹೇಳಿದ್ರೂ ಸಾಕು, ಅದಕ್ಕೆ ಕೇಳ್ಸುತ್ತೆ."

"ಫೋನ್ ಬೇಡ ಅಕ್ಕ."

ಅವಳು ಆಂಟಿಯ ಕಣ್ಣನ್ನೇ ನೋಡಿದಳು. ಕೈ ಎತ್ತಿ ಮೊದಲು ಚಿನಕುರುಳಿಯ ಕಡೆ ತೋರಿಸಿ, ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಆ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಕೊನೆಗೆ ಹೇಳಿದಳು, ತನ್ನ ಭಾಷೆಯಲ್ಲೇ, ಮೂರನೇ ಮಹಡಿಯಿಂದ ಕೆಳಗಿನ ಮೆಟ್ಟಿಲವರೆಗೂ ಕೇಳುವಷ್ಟು ಗಟ್ಟಿಯಾಗಿ:

"ಅವಳು ಒಡೀಲಿಲ್ಲ ಆಂಟಿ. ಒಡೆದದ್ದು ನಾನು."